ಅವರ ಕೋರ್ಟಿನಲ್ಲೇ ಅವರನ್ನ ಸೋಲಿಸೋದು ಹೇಗೆ? ಧಾರವಾಡದ ಮ್ಯಾಚಿಗೆ ಮೂರು ವಾರ ಇದೆ

ಗದಗ_ಗಾರ್ಡ್:

ಎಲ್ಲರಿಗೂ ನಮಸ್ಕಾರ. ಗದಗಿನ ಒಂದು ಡಿಗ್ರಿ ಕಾಲೇಜಿನ ಹುಡುಗಿಯರ ಬಾಸ್ಕೆಟ್‌ಬಾಲ್ ಟೀಮಿಗೆ ನಾನು ಕ್ಯಾಪ್ಟನ್, ಪಾಯಿಂಟ್ ಗಾರ್ಡ್ (ಬಾಲ್ ಮುಂದಕ್ಕೆ ತಂದು ಆಟ ನಡೆಸುವವಳು) ಆಡುತ್ತೇನೆ. ಈ ಸಲ ಅಂತರ ಕಾಲೇಜು ಟೂರ್ನಮೆಂಟ್ ಧಾರವಾಡದಲ್ಲಿದೆ. ಡ್ರಾ ನಿನ್ನೆ ಬಂತು. ನಮ್ಮ ಮೊದಲ ಮ್ಯಾಚೇ ಟೂರ್ನಮೆಂಟ್ ನಡೆಸುವ ಕಾಲೇಜಿನ ಮೇಲೆ, ಅವರದೇ ಕೋರ್ಟಿನಲ್ಲಿ, ಸಂಜೆ ನಾಲ್ಕಕ್ಕೆ. ಹೆಸರು ಬೇಡ, ಗೊತ್ತಿರುವವರಿಗೆ ಗೊತ್ತಾಗುತ್ತೆ.

ಹೋದ ವರ್ಷ ಅವರು ನಮ್ಮೂರಿಗೆ ಬಂದು ನಮ್ಮನ್ನ 58-36ರಿಂದ ಬಡಿದು ಹೋದರು. ನಮ್ಮದು ಬಯಲು ಕೋರ್ಟು, ಗದಗಿನ ಗಾಳಿ ನಿಮಗೆ ಗೊತ್ತೇ ಇದೆ, ದೂರದಿಂದ ಎಸೆದ ಬಾಲು ಅರ್ಧ ದಾರಿಯಲ್ಲಿ ಮನಸ್ಸು ಬದಲಿಸುತ್ತೆ. ಆ ಗಾಳಿ ನಮಗೆ ರೂಢಿ, ಅವರಿಗೆ ಕಷ್ಟ ಆಗುತ್ತೆ ಅಂತ ಲೆಕ್ಕ ಹಾಕಿದ್ದೆವು. ಅವರು ದೂರದಿಂದ ಎಸೆಯಲೇ ಇಲ್ಲ! ನಮ್ಮ ಕೈಯಿಂದ ಬಾಲ್ ಕಿತ್ಕೊಂಡು ಲೇಅಪ್ (ರಿಂಗ್ ಹತ್ತಿರಕ್ಕೆ ಓಡಿ ಹೋಗಿ ಎಸೆಯೋದು) ಹಾಕುತ್ತಾ ಹೋದರು.

ನಮ್ಮ ಜೂನಿಯರ್ ಒಬ್ಬಳು ಕಾಮರ್ಸ್ ನೋಟ್‌ಬುಕ್ಕಿನ ಕೊನೇ ಪುಟದಲ್ಲಿ ಗೆರೆ ಎಳೆದು ಎಣಿಸಿದ್ದಳು. ನಾವು ಬಾಲ್ ಕಳೆದುಕೊಂಡಿದ್ದು 27 ಸಲ. ಅದರಲ್ಲಿ 19 ಸಲ ನಾವಿನ್ನೂ ಅರ್ಧ ಕೋರ್ಟ್ ದಾಟಿಯೇ ಇರಲಿಲ್ಲ. ಅವರು ಬಾಸ್ಕೆಟ್ ಹಾಕಿದ ಕೂಡಲೇ ಫುಲ್ ಕೋರ್ಟ್ ಪ್ರೆಸ್‌ಗೆ ನಿಲ್ಲುತ್ತಾರೆ, ಅಂದ್ರೆ ಇಡೀ ಕೋರ್ಟಿನಲ್ಲಿ ಮೈಮೇಲೆ ಬಂದು ತಡೀತಾರೆ. ಜೊತೆಗೆ ಅವರ ಪಿವಟ್ (ರಿಂಗ್ ಹತ್ತಿರ ಆಡುವ ಎತ್ತರದವಳು) ಆರಡಿಗೆ ಒಂದೇ ಇಂಚು ಕಡಿಮೆ. ನಮ್ಮವಳು ಐದಡಿ ಆರು.

ನಾವು ಇರೋದೇ ಒಂಬತ್ತು ಜನ, ಅದರಲ್ಲಿ ಒಬ್ಬಳಿಗೆ ಮೊಣಕಾಲು ನೋವು. ಪಿಡಿ ಸರ್ (ದೈಹಿಕ ಶಿಕ್ಷಣದ ಮೇಷ್ಟ್ರು) ಒಳ್ಳೆಯವರು, ಆದರೆ ಕಬಡ್ಡಿ, ಖೋಖೋ ಎಲ್ಲಾ ಅವರೇ ನೋಡಬೇಕು. "ಧೈರ್ಯದಿಂದ ಆಡ್ರಿ" ಅಂತಾರೆ. ಧೈರ್ಯ ಇದೆ ಸರ್, ಪ್ಲಾನ್ ಇಲ್ಲ. ಇನ್ನು ಅವರ ಹಾಸ್ಟೆಲ್ ಹುಡುಗಿಯರು ಹಲಗೆ ತಂದು ಬಾರಿಸುತ್ತಾರಂತೆ, ಪಕ್ಕದಲ್ಲಿ ನಿಂತವಳ ಮಾತೂ ಕೇಳಲ್ಲವಂತೆ.

ಆಡಿದವರು, ನೋಡಿದವರು, ಸೀಟಿ ಊದಿದವರು ಯಾರಾದರೂ ಇದ್ದರೆ ದಯವಿಟ್ಟು ಹೇಳಿ. "ಚೆನ್ನಾಗಿ ಆಡಿ" ಅನ್ನೋದು ಬಿಟ್ಟು.

ಹಳೇ_ಪಿವಟ್:

ತಂಗಿ, ನಾನು ಹುಬ್ಬಳ್ಳಿಯವಳು, ಡಿಗ್ರಿ ಮೂರೂ ವರ್ಷ ಆಡಿದ್ದೇನೆ, ಈಗ ಬ್ಯಾಂಕಿನಲ್ಲಿ ಕೂತು ಸೊಂಟ ನೋಯಿಸಿಕೊಳ್ಳುತ್ತೇನೆ. ನಿನ್ನ ಪ್ರಶ್ನೆಗೆ ಉತ್ತರ ಆ ನೋಟ್‌ಬುಕ್ಕಿನಲ್ಲೇ ಇದೆಯಲ್ವಾ? 19 ಸಲ ಬಾಲನ್ನ ಅವರು ಎಸೆಯುವ ರಿಂಗಿನ ಹತ್ತಿರವೇ ಕೊಟ್ಟಿದ್ದೀರಿ. ಅದರಲ್ಲಿ ಅರ್ಧ ಬಿದ್ದರೂ 18-20 ಪಾಯಿಂಟ್. ನೀವು ಸೋತಿದ್ದು 22ರಿಂದ. ಪಿವಟ್ ಎತ್ತರದ ಚಿಂತೆ ಆಮೇಲೆ ಮಾಡು.

ಮೊದಲು ಥ್ರೋ-ಇನ್ (ಗೆರೆ ಹೊರಗಿನಿಂದ ಬಾಲ್ ಒಳಗೆ ಕೊಡೋದು) ಸರಿ ಮಾಡಿ. ಸಾಮಾನ್ಯವಾಗಿ ಏನಾಗುತ್ತೆ? ಅವರು ಬಾಸ್ಕೆಟ್ ಹಾಕುತ್ತಾರೆ, ರಿಂಗ್ ಹತ್ತಿರ ಯಾರಿದ್ದಾರೋ ಅವಳು ಬಾಲ್ ಎತ್ತಿಕೊಂಡು ಗಡಿಬಿಡಿಯಲ್ಲಿ ನಿನಗೆ ಕೊಡುತ್ತಾಳೆ, ನೀನು ಮೂಲೆಯಲ್ಲಿ ಹಿಡಿಯುತ್ತೀಯ, ತಲೆ ಎತ್ತುವಷ್ಟರಲ್ಲಿ ಇಬ್ಬರು ಮೈಮೇಲೆ. ಹೌದಾ? ಅದಕ್ಕೇ ಥ್ರೋ-ಇನ್ ಮಾಡುವವಳು ಒಬ್ಬಳೇ ಇರಲಿ, ಪಾಸ್ ಚೆನ್ನಾಗಿ ಮಾಡುವವಳಾಗಿರಲಿ. ಇನ್ನೊಂದು ವಿಷಯ ಬಹಳ ಜನಕ್ಕೆ ನೆನಪಿರಲ್ಲ. ಎದುರಾಳಿ ಬಾಸ್ಕೆಟ್ ಹಾಕಿದ ಮೇಲೆ ಥ್ರೋ-ಇನ್ ಮಾಡುವವಳು ಒಂದೇ ಕಡೆ ನಿಲ್ಲಬೇಕಿಲ್ಲ. ಎಂಡ್ ಲೈನ್ (ರಿಂಗ್ ಹಿಂದಿನ ಗೆರೆ) ಹಿಂದೆ ಎಡಕ್ಕೂ ಬಲಕ್ಕೂ ಓಡಬಹುದು. ಇನ್ನೊಬ್ಬಳು ಕೂಡ ಗೆರೆ ಹಿಂದಕ್ಕೆ ಹೋಗಿ ಅಲ್ಲೇ ಪಾಸ್ ತಗೋಬಹುದು. ಮೊದಲನೆಯವಳ ಕೈಗೆ ಬಾಲ್ ಬಂದಾಗಿನಿಂದ ಒಟ್ಟು 5 ಸೆಕೆಂಡ್ ಅಷ್ಟೇ. ನಾವು ಇದನ್ನ ಒಂದು ಮ್ಯಾಚಿನಲ್ಲಿ ಮಾಡಿದಾಗ ಎದುರಿನ ಹುಡುಗಿ ನಿಂತುಬಿಟ್ಟು "ಸರ್, ಔಟ್ ಅಲ್ವಾ?" ಅಂತ ಕೂಗಿದಳು, ಅಷ್ಟರಲ್ಲಿ ನಮ್ಮ ಬಾಲ್ ಆ ಕಡೆ ಮುಟ್ಟಿತ್ತು. ಆದರೆ ಬಾಲ್ ಔಟ್ ಹೋಗಿಯೋ, ವಯೊಲೇಷನ್ ಆಗಿಯೋ ಸಿಕ್ಕ ಥ್ರೋ-ಇನ್‌ಗೆ ಈ ಸವಲತ್ತು ಇಲ್ಲ, ಮರೀಬೇಡ.

ಇನ್ನು ಬಾಲ್ ಹಿಡಿದ ಕೂಡಲೇ ನೆಲಕ್ಕೆ ಬಡಿಯಬೇಡ. ಇದು ಗಾರ್ಡ್‌ಗಳ ರೋಗ. ಹಿಡಿ, ತಿರುಗು, ನೋಡು. ನೀನು ಮೂಲೆ ಕಡೆ ಡ್ರಿಬಲ್ ಮಾಡಿದರೆ ಸೈಡ್ ಲೈನೂ ಎಂಡ್ ಲೈನೂ ಅವರ ಕಡೆಯ ಇಬ್ಬರು ಆಟಗಾರರಿದ್ದ ಹಾಗೆ. ನಿಮ್ಮ ಐದಡಿ ಆರು ಹುಡುಗಿಯನ್ನ ಮುಂದಕ್ಕೆ ಓಡಿಸಬೇಡ, ನಡುವಿನ ವೃತ್ತದ ಹತ್ತಿರ ಎರಡೂ ಕೈ ಎತ್ತಿ ನಿಲ್ಲಿಸು. ಇಬ್ಬರು ನಿನ್ನ ಮೇಲೆ ಬಂದರೆ ಇನ್ನೆಲ್ಲೋ ಒಬ್ಬಳು ಖಾಲಿ ಇರಲೇಬೇಕು. ನಡುವಿಗೆ ಒಂದು ಪಾಸ್, ಅಲ್ಲಿಂದ ಆ ಬದಿಗೆ ಇನ್ನೊಂದು. ಅರ್ಧ ಕೋರ್ಟ್ ದಾಟೋಕೆ 8 ಸೆಕೆಂಡ್ ಇದೆ, ಪಾಸಿನಲ್ಲಿ ಹೋದರೆ 4 ಸಾಕು.

ಪ್ರಾಕ್ಟೀಸ್ ಹೇಗೆ ಅಂದ್ರೆ, ಐದು ಜನಕ್ಕೆ ಎದುರಾಗಿ ಏಳು ಜನ ನಿಲ್ಲಿಸಿ. ಒಂಬತ್ತೇ ಜನ ಅಂತ ಕೊರಗಬೇಡ. ಕಬಡ್ಡಿ ಹುಡುಗಿಯರನ್ನ ಕರ್ಕೊಂಡು ಬಾ. ಮೂಲೆಗೆ ತಳ್ಳಿ ಹಿಡಿಯೋದು ಅವರಿಗೆ ಯಾರೂ ಹೇಳಿಕೊಡಬೇಕಿಲ್ಲ. ಫೌಲ್ ಮಾಡುತ್ತಾರೆ, ಮಾಡಲಿ. ಏಳು ಜನರ ಮಧ್ಯೆ ದಾಟಿದವರಿಗೆ ಐದು ಜನ ಕಡಿಮೆ ಅನಿಸುತ್ತಾರೆ.

ದಾಟಿದ ಮೇಲೆ ನಿಧಾನ ಮಾಡಿ. ಅವರ ಕೋರ್ಟಿನಲ್ಲಿ ಆಟ ಜೋರಾದಷ್ಟೂ ಹಲಗೆ ಜೋರಾಗುತ್ತೆ. ಶಾಟ್ ಎಸೆಯೋಕೆ ಇರುವ 24 ಸೆಕೆಂಡ್ ಪೂರ್ತಿ ಉಪಯೋಗಿಸಿ. ಸ್ಕೋರ್ ಕಡಿಮೆ ಇದ್ದರೆ ಕೊನೆಯಲ್ಲಿ ಯಾರು ಬೇಕಾದರೂ ಗೆಲ್ಲಬಹುದು.

ಚಿಗರಿ_ಪ್ಯಾಸೆಂಜರ್:

ಅಕ್ಕಾ, ಪ್ರೆಸ್ ವಿಷಯ ನೀವು ಹೇಳಿದ್ದು ನೂರಕ್ಕೆ ನೂರು. ಆದರೆ ಕೊನೆಯ ಮಾತು ಒಪ್ಪಲ್ಲ. ನಾನು ಧಾರವಾಡದವನು, ದಿನಾ ಚಿಗರಿ ಬಸ್ಸಿನಲ್ಲಿ ಹುಬ್ಬಳ್ಳಿಗೆ ಹೋಗಿ ಬರುವಾಗ ಅಮೆರಿಕದ ಕಾಲೇಜು ಬಾಸ್ಕೆಟ್‌ಬಾಲ್ ನೋಡೋದೇ ಕೆಲಸ. ಅಲ್ಲಿ ಡ್ಯೂಕ್ ಮತ್ತು ನಾರ್ತ್ ಕೆರೊಲಿನಾ ಅಂತ ಎರಡು ಯೂನಿವರ್ಸಿಟಿ. ಎರಡೂ ಊರಿಗೆ ಅಂತರ ಸುಮಾರು 16 ಕಿಲೋಮೀಟರ್, ಅಂದ್ರೆ ನಮ್ಮ ಹುಬ್ಬಳ್ಳಿ-ಧಾರವಾಡಕ್ಕಿಂತ ಹತ್ತಿರ. ಜಗಳ ಮಾತ್ರ ಹಾವು-ಮುಂಗುಸಿದು.

1979ರಲ್ಲಿ ನಾರ್ತ್ ಕೆರೊಲಿನಾ ಟೀಮು ಡ್ಯೂಕ್ ಕೋರ್ಟಿಗೆ ಹೋಗಿ ಇದೇ ಪ್ಲಾನ್ ಮಾಡಿತು. ಕೋಚ್ ಡೀನ್ ಸ್ಮಿತ್, ದೊಡ್ಡ ತಲೆ. ಆಗ ಕಾಲೇಜು ಆಟದಲ್ಲಿ ಶಾಟ್ ಕ್ಲಾಕ್ (ಇಷ್ಟು ಸೆಕೆಂಡಿನೊಳಗೆ ಎಸೆಯಲೇಬೇಕು ಅನ್ನೋ ಗಡಿಯಾರ) ಇರಲಿಲ್ಲ, ಹಾಗಾಗಿ ಬಾಲ್ ಹಿಡ್ಕೊಂಡು ಆಚೆ ಈಚೆ ಪಾಸ್ ಮಾಡುತ್ತಾ ಸಮಯ ಕಳೆದರು. ಹಾಫ್ ಟೈಮ್ ಸ್ಕೋರ್ ಎಷ್ಟು ಗೊತ್ತಾ? ಡ್ಯೂಕ್ 7, ಇವರು ಸೊನ್ನೆ! ಎರಡನೇ ಅರ್ಧದಲ್ಲಿ ಸರಿಯಾಗಿ ಆಡಿದರು, ಆ ಅರ್ಧ 40-40 ಸಮ ಆಯ್ತು. ಮ್ಯಾಚ್ 47-40ಕ್ಕೆ ಹೋಯ್ತು. ಅಂದ್ರೆ ಸುಮ್ನೆ ನಿಂತಿದ್ದಾಗ ಬಿಟ್ಟುಕೊಟ್ಟ ಆ ಏಳೇ ಪಾಯಿಂಟಿನಿಂದ ಸೋತರು.

ಈಗ 2022ಕ್ಕೆ ಬನ್ನಿ. ಫೆಬ್ರುವರಿ 5ಕ್ಕೆ ಡ್ಯೂಕ್ ಟೀಮು ನಾರ್ತ್ ಕೆರೊಲಿನಾದ ಮನೆಗೇ ಹೋಗಿ 87-67ರಿಂದ ಹೊಡೆಯಿತು, 20 ಪಾಯಿಂಟ್ ಅಂತರ. ನಿಮ್ಮ 58-36 ಕಥೆಯೇ. ಸರಿಯಾಗಿ ನಾಲ್ಕು ವಾರಕ್ಕೆ, ಮಾರ್ಚ್ 5ಕ್ಕೆ, ಡ್ಯೂಕ್ ಕೋರ್ಟಿನಲ್ಲಿ ಮತ್ತೆ ಮ್ಯಾಚ್. 42 ವರ್ಷ ಅಲ್ಲಿ ಕೋಚ್ ಆಗಿದ್ದ 'ಕೋಚ್ ಕೆ'ಗೆ ಆ ಕೋರ್ಟಿನಲ್ಲಿ ಕೊನೆಯ ಮ್ಯಾಚು. ಆ ಸ್ಟೇಡಿಯಂನಲ್ಲಿ ಹಿಡಿಸೋದು 9,314 ಜನ, ಅಷ್ಟೂ ಜನ ಕಿವಿ ಹರಿಯುವ ಹಾಗೆ ಕೂಗುವವರೇ. ನಾರ್ತ್ ಕೆರೊಲಿನಾ ಹೆದರಿ ನಿಧಾನ ಮಾಡಲಿಲ್ಲ. 94-81ರಿಂದ ಗೆದ್ದರು, ನಾಲ್ಕು ಜನ ತಲಾ 20ಕ್ಕೂ ಕಡಿಮೆ ಇಲ್ಲದ ಹಾಗೆ ಹೊಡೆದರು. ಅವರಿಗೂ ಬೆಂಚ್ ಬಲ ಅಷ್ಟಕ್ಕಷ್ಟೇ, ಹೆಚ್ಚುಕಡಿಮೆ ಮೊದಲ ಐವರ ಮೇಲೇ ನಡೆದ ಸೀಸನ್ ಅದು.

ಹಾಗಾಗಿ ಪ್ರೆಸ್ ಮುರಿದು ಮೂರು ಜನ ಇಬ್ಬರ ಮೇಲೆ ಹೋಗುತ್ತಿದ್ದರೆ ನಿಲ್ಲಬೇಡಿ, ಲೇಅಪ್ ಹಾಕಿ ಬನ್ನಿ. ಎರಡು ಸಲ ಹಾಗೆ ಬಿದ್ದರೆ ಅವರ ಕೋಚೇ ಪ್ರೆಸ್ ತೆಗೆಸುತ್ತಾರೆ. ದಾಟಿ ಬಂದು ನಿಂತುಬಿಟ್ಟರೆ ಅವರಿಗೇನು ನಷ್ಟ? ಇಡೀ ಮ್ಯಾಚ್ ಪ್ರೆಸ್ ಮಾಡುತ್ತಾ ಇರುತ್ತಾರೆ.

ಹಳೇ_ಪಿವಟ್:

ಲೇಅಪ್ ಸಿಕ್ಕರೆ ಬೇಡ ಅಂದವರು ಯಾರಪ್ಪಾ? ನಾನು ಹೇಳಿದ್ದು ಲೇಅಪ್ ಇಲ್ಲದಾಗಿನ ಮಾತು. ನಿಮ್ಮ ಅಮೆರಿಕದ ಹುಡುಗರಿಗೆ ಡಯಟ್ ನೋಡೋಕೆ ಒಬ್ಬ, ಕಾಲು ಒತ್ತೋಕೆ ಒಬ್ಬ. ಇವಳ ಟೀಮಿನಲ್ಲಿ ಎಂಟೂವರೆ ಜನ ಇದ್ದಾರೆ, ಅದೂ ಗದಗಿನಿಂದ ಬಸ್ಸಿನಲ್ಲಿ ಕೂತು ಬಂದ ಕಾಲುಗಳು. ನಾಲ್ಕೂ ಕ್ವಾರ್ಟರ್ ಓಡಿದರೆ ಕೊನೆಯ ಐದು ನಿಮಿಷಕ್ಕೆ ಯಾರು ನಿಲ್ಲುತ್ತಾರೆ? ಆದರೆ 7-0 ಕಥೆ ಚೆನ್ನಾಗಿದೆ, ಗೊತ್ತಿರಲಿಲ್ಲ.

ಸೀಟಿ_ಸರ್:

ಜಿಲ್ಲಾ ಮಟ್ಟದಲ್ಲಿ ಬಹಳ ವರ್ಷ ರೆಫರಿ ಆಗಿದ್ದೇನೆ. ಯಾರ ಪರವೂ ಅಲ್ಲ, ನಿಯಮದ ಕೆಲವು ಮಾತು ಹೇಳುತ್ತೇನೆ.

ಬಾಲ್ ಹಿಡಿದು ಕೂರುವ ಕಾಲ ಹೋಯಿತು. ಅಮೆರಿಕದ ಕಾಲೇಜು ಹುಡುಗರ ಆಟಕ್ಕೇ 1985-86ರಲ್ಲಿ 45 ಸೆಕೆಂಡಿನ ಗಡಿಯಾರ ಬಂತು, ಅದಕ್ಕೆ ಇಂಥ ಮ್ಯಾಚುಗಳೂ ಕಾರಣ. ನಾವು ಆಡಿಸೋದು ಫೀಬಾ (ಅಂತರರಾಷ್ಟ್ರೀಯ ಬಾಸ್ಕೆಟ್‌ಬಾಲ್ ಒಕ್ಕೂಟ) ನಿಯಮ, 24 ಸೆಕೆಂಡ್. ಬಾಲ್ ರಿಂಗಿಗೆ ತಾಗಿ ನಿಮ್ಮ ಕೈಗೇ ವಾಪಸ್ ಬಂದರೆ 14. ಆದರೆ ನಮ್ಮ ಕಡೆ ಬೋರ್ಡಿನ ಮೇಲೆ ಶಾಟ್ ಕ್ಲಾಕ್ ಇರೋದು ಅಪರೂಪ, ಟೇಬಲ್ ಮೇಲೆ ಒಬ್ಬರು ಸ್ಟಾಪ್‌ವಾಚ್ ಹಿಡಿದು ಕೂತಿರುತ್ತಾರೆ. ಎಷ್ಟು ಸೆಕೆಂಡ್ ಉಳಿದಾಗ ಕೂಗಿ ಹೇಳುತ್ತೀರಿ ಅಂತ ಮೊದಲೇ ಕೇಳಿಟ್ಟುಕೊಳ್ಳಿ. ಮ್ಯಾನೇಜರ್ ಮೀಟಿಂಗಿಗೆ ಪಿಡಿ ಸರ್ ತಪ್ಪದೆ ಹೋಗಲಿ. ಸುಮಾರು ಟೀಮಿನವರು ಆ ಹೊತ್ತಿಗೆ ಚಹಾ ಅಂಗಡಿಯಲ್ಲಿ ಇರುತ್ತಾರೆ, ಆಮೇಲೆ ನಮ್ಮ ಮೇಲೆ ಸಿಟ್ಟು ಮಾಡುತ್ತಾರೆ.

ಎರಡನೆಯದು ಫೌಲ್. ಪ್ರೆಸ್ ಮಾಡುವ ಟೀಮಿಗೆ ಫೌಲ್ ಬೇಗ ತುಂಬುತ್ತೆ. ಒಂದು ಕ್ವಾರ್ಟರಿನಲ್ಲಿ ಟೀಮ್ ಫೌಲ್ 4 ಆದ ಮೇಲೆ, ಐದನೆಯದರಿಂದ ನಿಮಗೆ ಎರಡು ಫ್ರೀ ಥ್ರೋ (ಯಾರೂ ಅಡ್ಡ ಬರದೆ ಎಸೆಯುವ ಅವಕಾಶ), ಶಾಟ್ ಎಸೆಯುತ್ತಿರದಿದ್ದರೂ ಸರಿ. ಸ್ಕೋರ್ ಟೇಬಲ್ ಕಡೆ ಕಣ್ಣಿಡಲು ಬೆಂಚಿನಲ್ಲಿ ಒಬ್ಬಳನ್ನ ನೇಮಿಸಿ. ಆ ನೋಟ್‌ಬುಕ್ ಹುಡುಗಿಯೇ ಸರಿ. ನಾಲ್ಕು ತುಂಬಿತು ಅಂದ ಕೂಡಲೇ ದೂರದಿಂದ ಎಸೆಯೋದು ಬಿಟ್ಟು ಒಳಗೆ ನುಗ್ಗಬೇಕು. ಅವರ ಎತ್ತರದ ಪಿವಟ್‌ಗೂ ಮದ್ದು ಇದೇ. ಐದು ಫೌಲ್ ಆದರೆ ಅವಳು ಆಚೆ. ಮೊದಲ ಕ್ವಾರ್ಟರಿನಲ್ಲೇ ಎರಡು ಬಿದ್ದರೆ ಕೋಚ್ ಅವಳನ್ನ ಕೂರಿಸುತ್ತಾರೆ, ಆ ಐದಾರು ನಿಮಿಷ ನಿಮ್ಮದು.

ಆದರೆ ಫ್ರೀ ಥ್ರೋ ಬೀಳಬೇಕಲ್ವಾ? ಹುಡುಗಿಯರು ಪ್ರಾಕ್ಟೀಸಿಗೆ ಬಂದ ಕೂಡಲೇ ತಣ್ಣಗೆ ನಿಂತು ಹತ್ತು ಎಸೆದು ಏಳು ಹಾಕುತ್ತಾರೆ, ಮ್ಯಾಚಿನಲ್ಲಿ ಅದೇ ಹುಡುಗಿ ಎರಡಕ್ಕೆ ಸೊನ್ನೆ. ಯಾಕಂದ್ರೆ ಮ್ಯಾಚಿನಲ್ಲಿ ಏದುಸಿರು ಬಿಡುತ್ತಾ ಎಸೆಯಬೇಕು. ಕೋರ್ಟ್ 28 ಮೀಟರ್. ಎರಡು ಸಲ ಈ ತುದಿಯಿಂದ ಆ ತುದಿಗೆ ಓಡಿ ಬಂದು ನಿಂತು ಎರಡೇ ಎಸೆಯಿರಿ. ಮತ್ತೆ ಓಡಿ.

ಟೈಮ್ ಔಟ್ ಮೊದಲ ಅರ್ಧಕ್ಕೆ 2, ಎರಡನೆಯದಕ್ಕೆ 3. ಮೊದಲರ್ಧದ್ದು ಉಳಿಸಿದರೆ ಮುಂದಕ್ಕೆ ಬರಲ್ಲ, ಹಾಗಾಗಿ ಜಿಪುಣತನ ಬೇಡ. ಅವರು ಸತತ ಆರು ಪಾಯಿಂಟ್ ಹಾಕಿ ಹಲಗೆ ಜೋರಾಯಿತು ಅಂದ್ರೆ ತಗೊಳ್ಳಿ. ಕೇಳಬೇಕಾದ್ದು ಕೋಚ್, ನೀವಲ್ಲ.

ಹಾವೇರಿ_ಏಲಕ್ಕಿ:

ನಾವು ಹಾವೇರಿಯವರು, ಎರಡು ತಿಂಗಳ ಹಿಂದೆ ಇವರ ಕೈಯಲ್ಲೇ 9 ಪಾಯಿಂಟಿನಿಂದ ಸೋತು ಬಂದಿದ್ದೇವೆ 😅 ಹಾಗಾಗಿ ನನ್ನ ಮಾತು ತಾಜಾ.

ಅವರ ಪ್ರೆಸ್ ಬಾಸ್ಕೆಟ್ ಬಿದ್ದ ಮೇಲೆ ಮಾತ್ರ. ಮಿಸ್ ಆದರೆ ನಾಲ್ಕು ಜನ ಹಿಂದಕ್ಕೆ ಓಡುತ್ತಾರೆ. ಅಂದ್ರೆ ಅವರಿಗೆ ಬಾಸ್ಕೆಟ್ ಕಡಿಮೆ ಬಿದ್ದಷ್ಟೂ ಪ್ರೆಸ್ ಕಡಿಮೆ. ಇದು ನಮಗೆ ಮೂರನೇ ಕ್ವಾರ್ಟರಿನಲ್ಲಿ ಹೊಳೆಯಿತು. ಟ್ರ್ಯಾಪಿಗೆ (ಬಾಲ್ ಇರುವವಳನ್ನ ಇಬ್ಬರು ಸೇರಿ ಸುತ್ತುವರಿಯೋದು) ಬರೋದು ಯಾವಾಗಲೂ ಅವರ 7ನೇ ನಂಬರ್, ಎಡಗೈ ಹುಡುಗಿ. ಅವಳು ಬಾಲ್ ಕಡೆ ಕೈ ಹಾಕುತ್ತಾಳೆ, ಕಾಲು ತರಲ್ಲ. ಒಂದು ಪಾಸಿನ ಆಸೆ ತೋರಿಸಿದರೆ ಗಾಳಿಗೆ ಹಾರುತ್ತಾಳೆ. ಅವಳಿಗೆ ಬಾಲ್ ಸಿಕ್ಕಾಗ ಬಲಕ್ಕೆ ತಳ್ಳಿ, ಬಲಗೈಯಲ್ಲಿ ಲೇಅಪ್ ಹಾಕಿದ್ದು ನಾನು ನೋಡೇ ಇಲ್ಲ.

ಪಿವಟ್‌ಗೆ ನಾವು 2-3 ಝೋನ್ ಹಾಕಿದೆವು, ಅಂದ್ರೆ ಮುಂದೆ ಇಬ್ಬರು, ರಿಂಗ್ ಹತ್ತಿರ ಮೂವರು, ಒಬ್ಬೊಬ್ಬರು ಒಂದೊಂದು ಜಾಗ ಕಾಯೋದು. ಅರ್ಧ ಕೆಲಸ ಮಾಡಿತು. ಬಾಲ್ ಅವಳಿಗೆ ಹೋಗೋದು ಕಡಿಮೆ ಆಯ್ತು, ಆದರೆ ರಿಬೌಂಡ್ (ಬೀಳದೆ ವಾಪಸ್ ಬಂದ ಬಾಲ್) ಎಲ್ಲಾ ಅವಳದೇ. ಝೋನಿನಲ್ಲಿ ಯಾರು ಯಾರನ್ನ ತಡೀಬೇಕು ಅಂತ ಗೊತ್ತೇ ಆಗಲ್ಲ, ಎಲ್ಲರೂ ಬಾಲ್ ನೋಡುತ್ತಾ ನಿಲ್ಲುತ್ತೇವೆ, ಅವಳು ಆರಾಮಾಗಿ ತಗೋತಾಳೆ. ಮತ್ತೆ ಆಡಿದರೆ ನಾನು ಒಬ್ಬಳಿಗೆ ಒಂದೇ ಕೆಲಸ ಕೊಡುತ್ತೇನೆ. ಶಾಟ್ ಹೋದ ಕೂಡಲೇ ಬಾಲ್ ಮರೆತು ಪಿವಟ್‌ಗೆ ಬೆನ್ನು ಕೊಟ್ಟು ನೂಕಿ ನಿಲ್ಲು. ರಿಬೌಂಡ್ ನೀನು ಹಿಡಿಯೋದೇ ಬೇಡ, ಅವಳು ಹಿಡೀಬಾರದು ಅಷ್ಟೇ. ಉಳಿದ ನಾಲ್ಕು ಜನ ಹಿಡೀತಾರೆ.

ಗಲಾಟೆಗೆ: ಕೂಗಿ ಹೇಳುವ ಪ್ಲೇ ಎಲ್ಲಾ ಬಿಡಿ. ಕೈ ಸನ್ನೆ ಮೂರು ಇಟ್ಕೊಳ್ಳಿ ಸಾಕು. ನಾವು ವಾರಕ್ಕೊಮ್ಮೆ ಹಾಸ್ಟೆಲ್ ಹುಡುಗಿಯರಿಗೆ ಸ್ಟೀಲ್ ತಟ್ಟೆ, ಚಮಚ ಕೊಟ್ಟು ಕೋರ್ಟ್ ಸುತ್ತ ಕೂರಿಸುತ್ತಿದ್ದೆವು. ವಾರ್ಡನ್ ಬೈದರು, ಆದರೆ ಅಲ್ಲಿ ಹೋದಾಗ ಹಲಗೆ ಅಷ್ಟೇನೂ ಅನಿಸಲಿಲ್ಲ.

ಊಟದ್ದು ಹೇಳಲೇಬೇಕು. ನಾವು ಮಾಡಿದ ತಪ್ಪು, ಹುಬ್ಬಳ್ಳಿಯಲ್ಲಿ ಬಸ್ ಬದಲಿಸುವಾಗ ಗಿರಮಿಟ್ ಮಿರ್ಚಿ ನೋಡಿ ಎಲ್ಲರೂ ತಿಂದಿದ್ದು. ಎರಡನೇ ಕ್ವಾರ್ಟರಿನಲ್ಲಿ ನಮ್ಮ ಪಿವಟ್ ಮುಖ ನೋಡಬೇಕಿತ್ತು, ಮಿರ್ಚಿ ಮತ್ತೆ ಮೇಲೆ ಬರುತ್ತಿತ್ತು. ಮನೆಯಿಂದ ರೊಟ್ಟಿ ಪಲ್ಯ ಕಟ್ಟಿಕೊಂಡು ಹೋಗಿ, ಮಧ್ಯಾಹ್ನ ಒಂದು ಗಂಟೆಯೊಳಗೆ ತಿಂದು ಮುಗಿಸಿ, ಆಮೇಲೆ ಬಾಳೆಹಣ್ಣು ನೀರು ಅಷ್ಟೇ. ಮಿರ್ಚಿ ವಾಪಸ್ ಬರುವಾಗ.

ಗದಗ_ಗಾರ್ಡ್:

ಎಲ್ಲರಿಗೂ ತುಂಬಾ ಥ್ಯಾಂಕ್ಸ್. ಇಷ್ಟು ಬರುತ್ತೆ ಅಂದುಕೊಂಡಿರಲಿಲ್ಲ. ಕಬಡ್ಡಿ ಹುಡುಗಿಯರು ಬಂದರು. ಮೊದಲ ದಿನ ಹತ್ತರಲ್ಲಿ ಎರಡು ಸಲ ದಾಟಿದೆವು, ಒಬ್ಬಳು ನನ್ನ ಕಾಲನ್ನೇ ಹಿಡಿದು ಎಳೆದಳು. ನಿನ್ನೆ ಹತ್ತರಲ್ಲಿ ಆರು. ಎಂಡ್ ಲೈನ್ ಹಿಂದೆ ಪಾಸ್ ಮಾಡೋದನ್ನ ಪಿಡಿ ಸರ್ ಕೂಡ ನಂಬಲಿಲ್ಲ, ರೂಲ್ ಬುಕ್ ತೆಗೆದು ತೋರಿಸಿದೆ.

ಅಕ್ಕಾ, ಅಣ್ಣಾ, ನಿಮ್ಮಿಬ್ಬರ ಜಗಳಕ್ಕೆ ನಾವು ಹೀಗೆ ಮಾಡಿದೆವು: ದಾಟುವಾಗ ನಮ್ಮವರು ಜಾಸ್ತಿ ಇದ್ದರೆ ಓಡೋದು, ಇಲ್ಲಾಂದ್ರೆ ನಾನು ಮುಷ್ಟಿ ಎತ್ತುತ್ತೇನೆ, ಎಲ್ಲರೂ ನಿಧಾನ.

ಭಾನುವಾರ ನಾನೂ ನೋಟ್‌ಬುಕ್ ಹುಡುಗಿಯೂ ಧಾರವಾಡಕ್ಕೆ ಹೋಗಿ ಕೋರ್ಟ್ ನೋಡಿ ಬಂದೆವು. ಹುಬ್ಬಳ್ಳಿವರೆಗೆ ರೈಲು, ಅಲ್ಲಿಂದ ಚಿಗರಿ. ಕಾವಲುಗಾರ ಅಜ್ಜ ಒಳಗೆ ಬಿಟ್ಟರು, ಅರ್ಧ ತಾಸು ಎಸೆದೆವು. ಸಿಮೆಂಟ್ ಕೋರ್ಟು, ಅಂಚಿನಲ್ಲಿ ಕೆಂಪು ಧೂಳು ಕೂತಿದೆ, ಶೂ ಜಾರುತ್ತೆ, ಒದ್ದೆ ಬಟ್ಟೆ ಇಟ್ಟುಕೊಳ್ಳಬೇಕು. ಗೇಟ್ ಕಡೆಯ ರಿಂಗ್ ಸಡಿಲ ಇದೆ. ಬಾಲ್ ತಾಗಿದರೆ ಜಿಗಿಯಲ್ಲ, ಅಲ್ಲೇ ಸತ್ತು ಒಳಗೆ ಬೀಳುತ್ತೆ, ಎಸೆದಿದ್ದೆಲ್ಲಾ ಬೀಳುತ್ತಿತ್ತು! ಆ ಕಡೆಯ ರಿಂಗ್ ಬಿಗಿ, ತಾಗಿದರೆ ಹಾರಿ ಹೋಗುತ್ತೆ. ಆದರೆ ಗೇಟ್ ಇರೋದು ಪಶ್ಚಿಮಕ್ಕೆ. ಐದು ಗಂಟೆಗೆ ಅಲ್ಲಿ ಸೂರ್ಯ ನೇರ ಕಣ್ಣಿಗೆ. ಸೀಟಿ ಸರ್, ನಮಗೆ ಯಾವ ರಿಂಗ್ ಯಾವಾಗ ಸಿಗುತ್ತೆ? ಡ್ರಾನಲ್ಲಿ ನಮ್ಮ ಹೆಸರು ಎರಡನೆಯದು. ಟೇಬಲ್ ಕಡೆ ಕೂತು ನೋಡಿದರೆ ಗೇಟು ಬಲಕ್ಕೆ.

ಸೀಟಿ_ಸರ್:

ಹೆಸರು ಮೊದಲಿರುವ ಟೀಮು ಟೇಬಲ್ಲಿನಿಂದ ಕೋರ್ಟ್ ನೋಡಿದರೆ ಎಡಗಡೆಯ ರಿಂಗ್ ಕಾಯಬೇಕು, ಅಂದ್ರೆ ನೀವು ಮೊದಲರ್ಧ ಎಡಕ್ಕೆ ಎಸೆಯುತ್ತೀರಿ, ಎರಡನೇ ಅರ್ಧ ಬಲಕ್ಕೆ. ಹಾಗಾದರೆ ಕೊನೆಯ ಎರಡು ಕ್ವಾರ್ಟರ್ ನಿಮಗೆ ಸಡಿಲ ರಿಂಗ್, ಜೊತೆಗೆ ಸೂರ್ಯ. ಇಬ್ಬರೂ ಒಪ್ಪಿದರೆ ಬದಲಿಸಬಹುದು. ನಾನಾಗಿದ್ದರೆ ಕೇಳುತ್ತಿರಲಿಲ್ಲ. ಮ್ಯಾಚಿಗೆ ಮೊದಲು ನೀವು ವಾರ್ಮ್ ಅಪ್ ಮಾಡೋದು ಎಡಗಡೆ, ಹಾಫ್ ಟೈಮಿನಲ್ಲಿ ಬಲಗಡೆ ಸಿಗುತ್ತೆ, ಆಗ ಬೆಂಚಿನಲ್ಲಿ ಕೂರಬೇಡಿ. ರಿಂಗ್ ಸಡಿಲ ಇದೆ ಅಂತ ನಾಳೆಯೇ ಯಾರಾದರೂ ಬೋಲ್ಟ್ ಬಿಗಿ ಮಾಡಬಹುದು, ಅದನ್ನೂ ಲೆಕ್ಕದಲ್ಲಿ ಇಟ್ಟುಕೊಳ್ಳಿ.

ಹಾವೇರಿ_ಏಲಕ್ಕಿ:

ಇಲ್ಲಿ ಬರೆದಾಯ್ತಲ್ಲ, ಬಿಗಿ ಮಾಡೇ ಮಾಡುತ್ತಾರೆ 😂

ಗದಗ_ಗಾರ್ಡ್:

ಅಯ್ಯೋ ಹೌದಲ್ಲಾ! ಇರಲಿ. ಇವತ್ತಿನಿಂದ ಸಂಜೆ ಪ್ರಾಕ್ಟೀಸು ನಮ್ಮ ಪಶ್ಚಿಮದ ರಿಂಗಿಗೇ, ಬೋರ್ಡಿಗೆ ಬಡಿದು ಹಾಕೋದು. ಸರ್, ಒಂದೇ ಒಂದು ಕೊನೆಯ ಪ್ರಶ್ನೆ, ಬಿಸಿಲಿಗೆ ಟೋಪಿ ಹಾಕಿಕೊಂಡು ಆಡಬಹುದಾ?

ಸೀಟಿ_ಸರ್:

ಇಲ್ಲಮ್ಮಾ. ತಲೆಗೆ ಪಟ್ಟಿ ಕಟ್ಟಿಕೋ ಬೇಕಾದರೆ.